ಸರಿಯುವ ಕೋಣೆಗೆ ಗ್ರೀಸ್‌ಗಿಂತ ಮೊದಲು ಬ್ರಶ್ ಬೇಕು

ಗುಂಡಿ ಒತ್ತಿದೊಡನೆ ಗೋಡೆಯ ಒಂದು ಭಾಗ ಸೋಫಾ, ಮಂಚಗಳ ಸಮೇತ ಎರಡು ಮೂರು ಅಡಿ ಹೊರಕ್ಕೆ ಸರಿದು ಒಳಗಿನ ಜಾಗವನ್ನು ಹಿಗ್ಗಿಸುವ ಕ್ಯಾರವಾನ್‌ಗಳು ನಮ್ಮ ಭಾಗದ ರಸ್ತೆಗಳಲ್ಲಿ ಇನ್ನೂ ವಿರಳ. ಸ್ಲೈಡ್‌ಔಟ್ ಎಂದು ಕರೆಯುವ ಈ ಸರಿಯುವ ಕೋಣೆಯನ್ನು ನೋಡಿಕೊಳ್ಳುವ ಕ್ರಮವನ್ನು ವಾಹನದ ಕೈಪಿಡಿ ತಿಳಿಸುತ್ತದೆ. ಆದರೆ ವಿಜಯಪುರದ ಎರೆಮಣ್ಣಿನ ಧೂಳು, ಖಾನಾಪುರದ ಜಡಿಮಳೆ ಮತ್ತು ನಲವತ್ತು ಡಿಗ್ರಿ ದಾಟುವ ಬಿಸಿಲು ಮೂರೂ ಒಂದೇ ವಾಹನದ ಮೇಲೆ ಬೀಳುವ ಈ ಸೀಮೆಯಲ್ಲಿ ಕೆಲವು ಕೆಲಸಗಳನ್ನು ಹೆಚ್ಚು ಎಚ್ಚರದಿಂದ ಮಾಡಬೇಕಾಗುತ್ತದೆ.

ಮುಖ್ಯವಾದುದು ಗ್ರೀಸಿನ ವಿಷಯ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಕಬ್ಬಿನ ಟ್ರೇಲರಿನ ಗಾಲಿಗೆ ಗ್ರೀಸ್ ತುಂಬಿ ರೂಢಿಯಿರುವ ನಮಗೆ, ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಕೈಗೇ ಹತ್ತಿಬಿಟ್ಟಿದೆ. ಗಾಲಿಯ ಬೇರಿಂಗ್ ಮುಚ್ಚಿದ ಜಾಗವಾದ್ದರಿಂದ ಅಲ್ಲಿ ಗ್ರೀಸ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತದೆ. ಸರಿಯುವ ಕೋಣೆಯ ಹಲ್ಲುಪಟ್ಟಿ ಮತ್ತು ಅದನ್ನು ನೂಕುವ ಪಿನಿಯನ್ ಎಂಬ ಚಿಕ್ಕ ಹಲ್ಲಿನ ಚಕ್ರ ಹಾಗಲ್ಲ. ಅವು ವಾಹನದ ಅಡಿಯಲ್ಲಿ ಗಾಳಿಗೆ ತೆರೆದುಕೊಂಡಿರುತ್ತವೆ. ಮೊದಲ ವರ್ಷ ನಾನೂ ಗ್ರೀಸನ್ನೇ ಧಾರಾಳವಾಗಿ ಬಳಿದಿದ್ದೆ. ಬೇಸಿಗೆಯಲ್ಲಿ ಆಲಮಟ್ಟಿ ಸುತ್ತಿನ ಮಣ್ಣುರಸ್ತೆಗಳಲ್ಲಿ ಎರಡು ದಿನ ಓಡಾಡಿ ವಿಜಯಪುರ ತಲುಪುವಷ್ಟರಲ್ಲಿ ಹಲ್ಲುಗಳ ಸಂದಿಯಲ್ಲಿ ಕಪ್ಪು ಮುದ್ದೆ ಕಟ್ಟಿ, ಕೋಣೆ ಅರ್ಧಕ್ಕೆ ನಿಂತು, ಫ್ಯೂಸ್ ಸುಟ್ಟಿತು. ಆ ಮುದ್ದೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಾಗ ಮರಳುಕಾಗದದಂತೆ ಚುರುಚುರು ಎಂದಿತು. ಮೋಟಾರು ಪ್ರತಿ ಸಲ ತಿರುಗಿದಾಗಲೂ ಅದು ಲೋಹವನ್ನೇ ತೇಯುತ್ತಿತ್ತು.

ಹಾಗಾಗಿ ಮೊದಲು ಧೂಳು, ಹಳೆಯ ಗ್ರೀಸ್ ತೆಗೆದು, ಆಮೇಲೆ ಜಾರಿಕೆ ಕೊಡುವ ಕೆಲಸವನ್ನು ವರ್ಷಕ್ಕೆ ಎರಡು ಬಾರಿಯಾದರೂ ಮಾಡಬೇಕು: ಮೃಗಶಿರಾ ಮಳೆ ಹಿಡಿಯುವ ಮುನ್ನ ಒಮ್ಮೆ, ಮಳೆಗಾಲ ಮುಗಿದು ಆಯುಧಪೂಜೆಗೆ ವಾಹನ ತೊಳೆಯುವಾಗ ಇನ್ನೊಮ್ಮೆ. ಮಣ್ಣುರಸ್ತೆಯಲ್ಲಿ ದೀರ್ಘ ಪ್ರಯಾಣ ಮಾಡಿದ್ದರೆ ಆ ಕೂಡಲೇ ಧೂಳನ್ನಷ್ಟಾದರೂ ತೆಗೆಯುವುದು ಒಳಿತು.

ಮೊದಲು ವಾಹನವನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಬೇಕು. ಗೌಂಡಿಗಳು ಬಳಸುವ ರಸಮಟ್ಟವನ್ನು ಒಳಗಿನ ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಬೇಕು. ವಾಹನ ಓರೆಯಾಗಿದ್ದರೆ ಕೋಣೆಯ ಭಾರವೆಲ್ಲ ಒಂದೇ ಮೂಲೆಗೆ ಬಿದ್ದು, ಎಷ್ಟು ಎಣ್ಣೆ ಹಾಕಿದರೂ ಒಂದು ಬದಿ ಹಿಂದೆ ಉಳಿಯುತ್ತದೆ. ಅನಂತರ ಬ್ಯಾಟರಿ ನೋಡಬೇಕು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಹೊರಗೆ ಗಿಡ, ಗೋಡೆ, ಮಕ್ಕಳು ಅಡ್ಡವಿಲ್ಲವೆಂದು ಇಳಿದುಹೋಗಿ ಕಣ್ಣಾರೆ ಕಂಡು, ಓಡುವಾಗ ಕೋಣೆ ಸರಿಯದಂತೆ ಹಿಡಿಯುವ ಪ್ರಯಾಣದ ಲಾಕುಗಳನ್ನು ಬಿಡಿಸಿ, ಕೋಣೆಯನ್ನು ಪೂರ್ತಿ ಹೊರಗೆ ಸರಿಸಬೇಕು. ಅರ್ಧಕ್ಕೆ ನಿಲ್ಲಿಸಿ ಕೆಲಸ ಮಾಡಬಾರದು. ಹಲ್ಲುಗಳ ಬಳಿ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ವೈರನ್ನು ಕಳಚಿಡುವುದನ್ನು ಎಂದಿಗೂ ಮರೆಯಬಾರದು.

ಇನ್ನು ಸ್ವಚ್ಛತೆ. ಬಣ್ಣ ಬಳಿಯುವ ಒಣ ಬ್ರಶ್ಶಿನಿಂದ ಹಲ್ಲುಪಟ್ಟಿಯ ಒಂದೊಂದು ಸಂದಿಯನ್ನೂ ಬಿಡಿಸಿ, ಹಳೆಯ ಗ್ರೀಸ್ ಇದ್ದರೆ ಸ್ವಲ್ಪ ಸೀಮೆಎಣ್ಣೆ ತಾಗಿಸಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಬೇಕು. ಆ ಬಟ್ಟೆ ಪಕ್ಕದ ರಬ್ಬರಿಗೆ ತಾಗಬಾರದು. ನೀರಿನ ಜೋರಾದ ಜೆಟ್ ಹಿಡಿದರೆ ಮಣ್ಣು ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಹತ್ತಿರ ವಾಹನ ನಿಂತಿದ್ದರೆ ಚಾವಣಿಯ ಮೇಲೂ ಸಂದಿಯಲ್ಲೂ ಕರಿ ಬೂದಿ ಕೂತಿರುತ್ತದೆ. ಅದನ್ನೂ ಒಣದಾಗಿಯೇ ತೆಗೆಯಬೇಕು.

ಸ್ವಚ್ಛವಾದ ಮೇಲೆ ಹಲ್ಲುಗಳಿಗೆ ಬೇಕಾದುದು ಒಣಗಿ ತೆಳುಪದರವಾಗಿ ನಿಲ್ಲುವ ಡ್ರೈ ಲೂಬ್ರಿಕಂಟ್ ಸ್ಪ್ರೇ. ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಎಂದು ನಾವು ಕರೆಯುವ ಪದಾರ್ಥ, ಇರುವಂಥದು ಒಳ್ಳೆಯದು. ಒಂದು ಅಡಿಯಷ್ಟು ದೂರದಿಂದ ಹಗುರವಾಗಿ ಹೊಡೆದು, ಸೋರಿದ್ದನ್ನು ಒರೆಸಿ, ಒಣಗುವವರೆಗೆ ಕಾಯಬೇಕು. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಇಲ್ಲಿ ಸಾಲದು. ನೀರನ್ನು ಹೊರದೂಡುವ ದ್ರಾವಣದ 40ನೆಯ ಪ್ರಯತ್ನ ಎಂಬುದೇ ಆ ಹೆಸರಿನ ಅರ್ಥ. ತುಕ್ಕು ಸಡಿಲಿಸಲು ಅದು ಸರಿ, ತಿಂಗಳುಗಟ್ಟಲೆ ಜಾರಿಕೆ ಉಳಿಸುವ ಕೆಲಸಕ್ಕಲ್ಲ. ಕೈಪಿಡಿಯೇ ಒಂದು ಬಗೆಯ ಗ್ರೀಸನ್ನು ಹೆಸರಿಸಿದ್ದರೆ ಅದನ್ನು ಹೇಳಿದ ಜಾಗಕ್ಕೆ ಮಾತ್ರ, ತೆಳುವಾಗಿ ಹಚ್ಚಬೇಕು.

ಎಲ್ಲ ಕೋಣೆಗಳೂ ಹಲ್ಲುಪಟ್ಟಿಯಿಂದಲೇ ಸರಿಯುವುದಿಲ್ಲ. ಉಕ್ಕಿನ ಹಗ್ಗದಿಂದ ಎಳೆಯುವ ಬಗೆಯಲ್ಲಿ ಎಳೆ ಬಿಚ್ಚಿದೆಯೇ, ಹಗ್ಗ ಸಡಿಲವಾಗಿದೆಯೇ ಎಂದು ನೋಡಿದರೆ ಸಾಕು. ಹೈಡ್ರಾಲಿಕ್ ಬಗೆಯಲ್ಲಿ ಎಣ್ಣೆಯ ಮಟ್ಟವನ್ನು ಕೋಣೆ ಪೂರ್ತಿ ಒಳಗಿದ್ದಾಗಲೇ ಅಳೆಯಬೇಕು; ಹೊರಗಿದ್ದಾಗ ಕಡಿಮೆ ಕಂಡಿತೆಂದು ತುಂಬಿದರೆ ಒಳಸರಿಸುವಾಗ ಟ್ಯಾಂಕ್ ಉಕ್ಕುತ್ತದೆ. ಸಿಲಿಂಡರಿನ ಹೊಳೆಯುವ ದಂಡದ ಮೇಲೆ ಎಣ್ಣೆಯ ಪಸೆ ಹೆಚ್ಚಿದ್ದರೆ ಸೀಲು ಸವೆದಿದೆ ಎಂದು ತಿಳಿಯಬೇಕು. ಈ ವಿಷಯದಲ್ಲಿ ನಾವು ಅದೃಷ್ಟವಂತರು: ಬೆಳಗಾವಿಯ ಉದ್ಯಮಬಾಗ್ ಹೈಡ್ರಾಲಿಕ್ಸ್ ಕೆಲಸಕ್ಕೆ ಹೆಸರಾದ ಜಾಗ. ಹಳೆಯ ಸೀಲು, ಹೋಸ್ ಪೈಪುಗಳನ್ನು ಜೊತೆಗೆ ಒಯ್ದು ತೋರಿಸಿದರೆ ಅಳತೆಯ ಗೊಂದಲ ಇರುವುದಿಲ್ಲ.

ಕೋಣೆಯ ಸುತ್ತಲಿನ ರಬ್ಬರ್ ಬೀಡಿಂಗನ್ನು ಹಲವರು ಮರೆತುಬಿಡುತ್ತಾರೆ. ಮಳೆನೀರು ಒಳಬರುವುದು ಹೆಚ್ಚಾಗಿ ಅಲ್ಲಿಂದಲೇ. ಸಾಬೂನು ನೀರಿನಲ್ಲಿ ತೊಳೆದು, ಒರೆಸಿ, ಸಿಲಿಕೋನ್ ಆಧಾರಿತ ರಬ್ಬರ್ ಕಂಡಿಷನರನ್ನು ಬಟ್ಟೆಯಿಂದ ಸವರಬೇಕು. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ, ಗ್ರೀಸ್ ಯಾವುದನ್ನೂ ಹಚ್ಚಬಾರದು. ಪೆಟ್ರೋಲಿಯಂ ಪದಾರ್ಥಕ್ಕೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಕೋಣೆಯ ಚಾವಣಿಯ ಮೇಲೆ ಬಟ್ಟೆಯ ಹೊದಿಕೆ ಇದ್ದರೆ ಅದರ ಹೊಲಿಗೆಯನ್ನೂ ನೋಡಬೇಕು. ಬಾದಾಮಿಯ ಗುಹೆಗಳ ಹತ್ತಿರ ನಿಲ್ಲಿಸುವವರು ಅದನ್ನು ಬಿಚ್ಚಿಟ್ಟು ಹೋಗಬಾರದು, ಅಲ್ಲಿನ ಮಂಗಗಳು ಅದರ ಮೇಲೆ ಕುಣಿದು ಹರಿಯುತ್ತವೆ. ಒಳಗಿನ ನೆಲದ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿದರೆ ಪ್ಲೈವುಡ್ ಆಗಲೇ ನೀರು ಕುಡಿದಿದೆ.

ಕೊನೆಯದಾಗಿ ಬ್ಯಾಟರಿ ಜೋಡಿಸಿ, ಚಾವಣಿಯ ಮೇಲಿನ ಎಲೆ, ಕಡ್ಡಿಗಳನ್ನು ಗುಡಿಸಿ, ಕೋಣೆಯನ್ನು ಎರಡು ಸಲ ಒಳಗೆ ಹೊರಗೆ ಓಡಿಸಬೇಕು. ಆಗ ಒಬ್ಬರು ಗುಂಡಿಯ ಬಳಿ, ಇನ್ನೊಬ್ಬರು ಹೊರಗೆ ದೂರ ನಿಂತು ಕೇಳಬೇಕು. ಒಂದೇ ಸಮನಾದ ಗುಂಯ್ ಸದ್ದು ಸರಿ. ಕಟಕಟ ಎಂದರೆ ಹಲ್ಲು ಜಾರುತ್ತಿದೆ, ತಕ್ಷಣ ಗುಂಡಿ ಬಿಡಬೇಕು. ಕೋಣೆ ಒಳಸರಿದ ಮೇಲೆ ಬೀಡಿಂಗ್ ಮತ್ತು ಗೋಡೆಯ ನಡುವೆ ಸುತ್ತಲೂ ಕಾಗದದ ಪಟ್ಟಿಯೊಂದನ್ನು ತೂರಿಸಿ ನೋಡಬೇಕು. ಪಟ್ಟಿ ಸಲೀಸಾಗಿ ಒಳಹೋದ ಜಾಗದಲ್ಲಿ ರಬ್ಬರಿನ ಅಂಚು ಒಳಮಡಿಚಿರುತ್ತದೆ. ಕೋಣೆಯನ್ನು ಸ್ವಲ್ಪ ಹೊರಗೆ ಸರಿಸಿ, ಗುಂಡಿ ಬಿಟ್ಟು, ಆ ಅಂಚನ್ನು ಬೆರಳಿನಿಂದ ನೇರ ಮಾಡಿ, ಮತ್ತೆ ಮುಚ್ಚಿ ಲಾಕು ಹಾಕಬೇಕು.