ಲಾಡ್ಜಿನ 14 ಸ್ಟಿಕ್ ಮತ್ತು ನನ್ನ ಹಳೇ ಲ್ಯಾಪ್‌ಟಾಪ್

ಕಲಬುರಗಿ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ 14 ರೂಮಿಗೆ 14 ಆಂಡ್ರಾಯ್ಡ್ ಟಿವಿ ಸ್ಟಿಕ್ ಇವೆ, ಅಂದರೆ ಟಿವಿ ಹಿಂದೆ ಸಿಕ್ಕಿಸಿ ಆಪ್‌ಗಳಲ್ಲಿ ಸಿನಿಮಾ ನೋಡುವ ಸಣ್ಣ ಡಬ್ಬಿ. ಮೂರು ವರ್ಷದ ಹಿಂದೆ ಹಾಕಿಕೊಟ್ಟವನು ನಾನೇ. ನನ್ನ ಮುಖ್ಯ ಕೆಲಸ ಸಿಸಿಟಿವಿ. ನಡುನಡುವೆ ಡಿಶ್, ವೈಫೈ, ಇಂಥವೂ ಬರುತ್ತವೆ. ಹೋದ ಬೇಸಿಗೆಯಲ್ಲಿ ಮಾಲಕರು ಫೋನ್ ಮಾಡಿದರು. "ಏನ್ರೀ, ಟಿವಿ ಹಚ್ಚಿದ್ರ ಸ್ಟೋರೇಜ್ ಫುಲ್ ಅಂತ ಬರ್ಲಕತ್ತದ. ಗಿರಾಕಿ ನನಗ ಬೈಲಕತ್ತಾರ."

ಸೂಪರ್ ಮಾರ್ಕೆಟ್ ಕಡೆ ನಮ್ಮದೇ ಲೈನಿನ ಒಬ್ಬರು ಕಾಕಾ ಇದ್ದಾರೆ. ಅವರನ್ನು ಕೇಳಿದೆ. "ತಮ್ಮಾ, 8 ಜಿಬಿ ಮಾಲು ಅದು. ಗಂಟ್ ಕಟ್ಟಿ ಒಗಿ, ಹೊಸಾವು ಹಚ್ಚು, ನಿನಗೂ ನಾಲ್ಕು ರೂಪಾಯಿ ಉಳೀತಾವ" ಅಂದರು. ಲೆಕ್ಕ ಹಾಕಿದೆ. ಒಂದಕ್ಕೆ 3,500 ಅಂತ ಹಿಡಿದರೂ 49,000. ಮಾಲಕರು ಆ ಮಾತು ಕೇಳಿ ಚಹಾ ಕೂಡ ತರಿಸಲಿಲ್ಲ.

ಸರಿ, ಇದ್ದುದರಲ್ಲೇ ಮಾಡೋಣ ಅಂತ ಕೂತೆ. 8 ಜಿಬಿ ಅಂತ ಡಬ್ಬಿ ಮೇಲೆ ಬರೆದಿದ್ದರೂ ಸಿಸ್ಟಮ್ ತಿಂದು ನಮಗೆ ಉಳಿಯುವುದು ಐದು ಜಿಬಿಗೂ ಕಡಿಮೆ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆಗೆದು ನೋಡಿದರೆ ರೂಮ್ 9ರಲ್ಲಿ ಖಾಲಿ ಇದ್ದದ್ದು 180 ಎಂಬಿ, ರೂಮ್ 4ರಲ್ಲಿ 210. ಖಾಲಿ ಜಾಗ ಒಟ್ಟು ಜಾಗದ ಶೇ. 5 ಅಥವಾ 500 ಎಂಬಿ, ಎರಡರಲ್ಲಿ ಯಾವುದು ಸಣ್ಣದೋ ಅದಕ್ಕಿಂತ ಕೆಳಗೆ ಹೋದರೆ ಆಂಡ್ರಾಯ್ಡ್ ಕೂಗಲು ಶುರು ಮಾಡುತ್ತದೆ. ನಮ್ಮ ಲೆಕ್ಕಕ್ಕೆ ಅದು 240ರ ಆಸುಪಾಸು.

ಮೊದಲ ದಿನ ರಿಮೋಟ್ ಹಿಡಿದು ಒಂದೊಂದೇ ಆಪ್‌ನ ಕ್ಯಾಶ್ ತೆಗೆದೆ. ಮಾಲಕರಿಗೆ "ಕ್ಯಾಶ್ ಖಾಲಿ ಮಾಡಬೇಕ್ರಿ" ಅಂದಾಗ ಅವರ ಕೈ ಸೀದಾ ಗಲ್ಲಾ ಮೇಲೆ ಹೋಯಿತು. ಈ ಕ್ಯಾಶ್ ಬೇರೆ ಅಂತ ತಿಳಿಸಲು ಐದು ನಿಮಿಷ ಹಿಡಿಯಿತು. ಒಂದು ರೂಮಿಗೆ ಅರ್ಧ ಗಂಟೆ. ಆ ರಿಮೋಟಿನ ಕೆಳಗಿನ ಬಾಣ ಒತ್ತಿ ಒತ್ತಿ ಹೆಬ್ಬೆರಳು ಕೆಂಪಾಯಿತು. ಒಂದು ವಾರ ತಾಳಿತು, ಅಷ್ಟೇ. ಕ್ಯಾಶ್ ಅಂದರೆ ಆಪ್‌ಗಳು ಪೋಸ್ಟರ್ ಚಿತ್ರ, ಅದು ಇದು ತಂದಿಟ್ಟುಕೊಳ್ಳುವ ಜಾಗ. ನೋಡುವವರು ನೋಡಿದಂತೆ ಮತ್ತೆ ತುಂಬುತ್ತದೆ.

ಆಮೇಲೆ ಫ್ಯಾಕ್ಟರಿ ರಿಸೆಟ್, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡುವುದು. ಮೂರು ರೂಮಿಗೆ ಮಾಡಿದೆ. 20 ದಿನದಲ್ಲಿ ಮತ್ತೆ ಅದೇ ಗೋಳು. ರಿಸೆಟ್ ಆದಮೇಲೆ ಬರುವ ಅಪ್‌ಡೇಟ್‌ಗಳೇ ಅರ್ಧ ಜಾಗ ನುಂಗುತ್ತವೆ. ಅದರ ಮೇಲೆ ಗಿರಾಕಿಗಳು ಬೇರೆ. ಒಬ್ಬರು ಕಾರ್ ರೇಸಿನ ಗೇಮ್ ಹಾಕಿದ್ದರು. ಸೇಡಂ ಕಡೆಯಿಂದ ಮದುವೆಗೆ ಬಂದ ಮಂದಿ ಒಂದೇ ರಾತ್ರಿಯಲ್ಲಿ ಆರು ಆಪ್ ಇಳಿಸಿ, ಬೆಳಗ್ಗೆ ಹಾಗೇ ಬಿಟ್ಟು ಹೋಗಿದ್ದರು.

ಮೂರನೆಯದು ನನ್ನ ದುಬಾರಿ ತಪ್ಪು. ಪೆನ್‌ಡ್ರೈವ್ ಹಾಕಿ ಅದನ್ನೇ ಇಂಟರ್ನಲ್ ಸ್ಟೋರೇಜ್ ಅಂತ ಫಾರ್ಮ್ಯಾಟ್ ಮಾಡುವ ದಾರಿ ಇದೆಯಲ್ವಾ, ಆಂಡ್ರಾಯ್ಡ್ 6ರಿಂದ ಬಂದದ್ದು. 32 ಜಿಬಿಯವು 14 ತಂದೆ, ಒಂದಕ್ಕೆ 320ರಂತೆ. ಅವನ್ನು ಸ್ಟಿಕ್‌ಗೆ ಜೋಡಿಸಲು ಪವರ್ ಸಮೇತ ಬರುವ ಓಟಿಜಿ ಕೇಬಲ್ ಬೇರೆ, ಒಂದಕ್ಕೆ 150. ಎಲ್ಲ ಸೇರಿ ಆರೂವರೆ ಸಾವಿರದ ಮೇಲೆ ಹೋಯಿತು.

ಹಾಕುವಾಗಲೇ ಅರ್ಧದಷ್ಟು ರೂಮುಗಳಲ್ಲಿ ಈ ಡ್ರೈವ್ ನಿಧಾನ ಇದೆ ಅಂತ ಪರದೆ ಮೇಲೆ ಬಂತು. ನಾನು ಓಕೆ ಒತ್ತಿಬಿಟ್ಟೆ. ಐದು ರೂಮುಗಳಲ್ಲಿ ಸ್ಟಿಕ್ ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಹಿಂದೆ ಕೈಹಾಕಿ ನೋಡಿದರೆ ರೂಮ್ ಹುಡುಗರು ಸ್ಟಿಕ್‌ನ ಅಡಾಪ್ಟರ್ ಕಿತ್ತು ಟಿವಿಯ ಯುಎಸ್‌ಬಿಗೆ ಸಿಕ್ಕಿಸಿದ್ದರು, ಪ್ಲಗ್ ಗಿರಾಕಿಯ ಮೊಬೈಲ್ ಚಾರ್ಜಿಗೆ ಬೇಕು ಅಂತ. ಯುಎಸ್‌ಬಿ 2.0 ಪೋರ್ಟ್ ಲೆಕ್ಕಕ್ಕೆ ಕೊಡುವುದೇ 500 ಮಿಲಿ ಆಂಪ್. ಅದರಲ್ಲಿ ಸ್ಟಿಕ್ಕೂ ಪೆನ್‌ಡ್ರೈವೂ ಎರಡೂ ಹೇಗೆ ಬದುಕಬೇಕು? ಮೇ ತಿಂಗಳ ನಮ್ಮೂರ ಬಿಸಿಲಿಗೆ ಡಬಲ್ ಟೇಪ್ ಅಂಟು ಕರಗಿ, ಡ್ರೈವ್‌ಗಳು ಟಿವಿ ಹಿಂದೆ ಬಾವಲಿಯಂತೆ ಜೋತಾಡುತ್ತಿದ್ದವು.

ಕೊನೆಗೆ ರೂಮ್ 9ರ ಗಿರಾಕಿ ಪೆನ್‌ಡ್ರೈವ್ ಕಿತ್ತುಕೊಂಡೇ ಹೋದ. ಸ್ಟಿಕ್ ಜೊತೆ ಹಾಗೆ ಜೋಡಿಸಿದ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಆ ಸ್ಟಿಕ್ ಬಿಟ್ಟು ಬೇರೆಯದಕ್ಕೆ ಓದಲು ಬರಲ್ಲ. ಬೇರೆ ಕಡೆ ಹಾಕಿದರೆ ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಅವನಿಗೆ ಒಳಗಿನದು ಸಿಗಲಿಲ್ಲ, ನಮ್ಮ ಸ್ಟಿಕ್‌ನಲ್ಲಿ ಆಪ್ ಉಳಿಯಲಿಲ್ಲ. ಕಾಕಾ ಇದನ್ನು ಇಡೀ ಮಾರ್ಕೆಟ್‌ಗೆ ಹೇಳಿಕೊಂಡು ನಕ್ಕರು. ಉಳಿದ 13ರಲ್ಲಿ ಹಾಡು ತುಂಬಿ ಟ್ರ್ಯಾಕ್ಟರ್ ಹುಡುಗರಿಗೆ 200ರಂತೆ ಮಾರಿದೆ.

ಈ ನಡುವೆ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ಕ್ಯಾಮೆರಾಗೆ ಹಾಕುವ ಹೆಚ್ಚು ಬಾಳಿಕೆಯ ಮೆಮೊರಿ ಕಾರ್ಡ್ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಅದನ್ನು ಕಾರ್ಡ್ ರೀಡರ್‌ಗೆ ಹಾಕಿ ನಮ್ಮ ಮನೆಯ ಸ್ಟಿಕ್‌ಗೆ ಜೋಡಿಸಿದೆ. ಒಂದು ವರ್ಷದ ಮೇಲಾಯಿತು, ಒಮ್ಮೆಯೂ ಕೈ ಕೊಟ್ಟಿಲ್ಲ. ರಾತ್ರಿ ಹಗಲು ಬರೆಯಲೆಂದೇ ಮಾಡಿದ ಕಾರ್ಡ್ ಅದು. ಅಂದರೆ ದಾರಿ ತಪ್ಪಲ್ಲ, ಸೋವಿ ಡ್ರೈವ್ ತಪ್ಪು. ಆದರೆ ಲಾಡ್ಜಿನಲ್ಲಿ ಕಿತ್ತುಕೊಂಡು ಹೋಗಲು ಸಿಗುವಂಥದ್ದು ಏನನ್ನೂ ಇಡಬಾರದು.

ಕೊನೆಗೆ ಕೈ ಹಿಡಿದದ್ದು ಎಡಿಬಿ, ಅಂದರೆ ಕಂಪ್ಯೂಟರಿನಲ್ಲಿ ಕೂತು ಆಂಡ್ರಾಯ್ಡ್‌ಗೆ ಆಜ್ಞೆ ಕಳಿಸುವ ಸಾಧನ. ಒಂದು ಹಳೇ ಲ್ಯಾಪ್‌ಟಾಪ್ ಇತ್ತು, ಎಂಟರ್ ಬಟನ್ ಅರ್ಧ ಮುರಿದದ್ದು. ಅದನ್ನು ಒಯ್ದು ರಿಸೆಪ್ಷನ್ ಟೇಬಲ್ ಕೆಳಗೆ ಇಟ್ಟೆ. 1,100 ಕೊಟ್ಟು ಇನ್ನೊಂದು ರೂಟರ್ ತಂದು ಸ್ಟಿಕ್‌ಗಳಿಗೆ ಬೇರೆ ವೈಫೈ ಮಾಡಿದೆ. ಎಡಿಬಿಗೆ ಸ್ಟಿಕ್‌ನಲ್ಲಿ ಡಿಬಗ್ಗಿಂಗ್ ಅನ್ನುವ ಬಾಗಿಲು ತೆರೆದಿರಬೇಕು. ಗಿರಾಕಿಗಳ ವೈಫೈನಲ್ಲೇ ಅದನ್ನು ಆನ್ ಬಿಟ್ಟು ಕೂತರೆ ಯಾರು ಬೇಕಾದರೂ ಒಳಗೆ ಕೈ ಹಾಕಬಹುದು, ಅದೊಂದು ತಪ್ಪು ಮಾಡಬೇಡಿ. ಗಿರಾಕಿಯ ಫೋನ್ ಒಂದು ವೈಫೈ, ಸ್ಟಿಕ್ ಇನ್ನೊಂದು ವೈಫೈ ಆದದ್ದಕ್ಕೆ ಫೋನಿನ ವಿಡಿಯೊ ಟಿವಿ ಮೇಲೆ ಬಿಡುವುದು (ಕಾಸ್ಟ್) ನಿಂತುಹೋಯಿತು. ಇಬ್ಬರು ಮೂವರು ಗೊಣಗಿದರು, ಅಷ್ಟೇ. ರೂಟರ್‌ನಲ್ಲಿ ಒಂದೊಂದು ಸ್ಟಿಕ್‌ಗೂ ಐಪಿ, ಅಂದರೆ ನೆಟ್‌ವರ್ಕ್ ವಿಳಾಸದ ನಂಬರ್, ಕಾಯಂ ಮಾಡಿದೆ. ಕೊನೆಯ ಎರಡು ಅಂಕಿಯೇ ರೂಮ್ ನಂಬರ್. ರೂಮ್ ರೂಮಿಗೆ ಹೋಗಿ ಈ ಲ್ಯಾಪ್‌ಟಾಪ್‌ಗೆ "ಯಾವಾಗಲೂ ಅನುಮತಿಸು" ಟಿಕ್ ಮಾಡಿ ಬರುವಷ್ಟರಲ್ಲಿ ಒಂದು ರಾತ್ರಿ ಕಳೆಯಿತು.

ಈಗ ಕೂತಲ್ಲೇ ಡಿಎಫ್ ಅನ್ನುವ ಆಜ್ಞೆ ಹೊಡೆದರೆ ಡೇಟಾ ಪಾರ್ಟಿಷನ್‌ನಲ್ಲಿ (ಆಪ್‌ಗಳಿಗೆ ಸಿಗುವ ಜಾಗ) ಎಷ್ಟು ಖಾಲಿ ಅಂತ 14 ರೂಮಿನದೂ ಒಂದೇ ಪರದೆಗೆ ಬರುತ್ತದೆ. ಪಿಎಂ ಟ್ರಿಮ್ ಕ್ಯಾಶಸ್ ಅನ್ನುವ ಇನ್ನೊಂದು ಆಜ್ಞೆಯ ಮುಂದೆ ಒಂದು ದೊಡ್ಡ ನಂಬರ್ ಕೊಟ್ಟರೆ ಎಲ್ಲ ಆಪ್‌ನ ಕ್ಯಾಶ್ ಒಂದೇ ಏಟಿಗೆ ಹೋಗುತ್ತದೆ. ನನ್ನ ಹೆಬ್ಬೆರಳು ಬಚಾವ್. ಅದನ್ನು ಬೆಳಗಿನ ಜಾವ 4 ಗಂಟೆಗೆ ಹಾಕಿಟ್ಟಿದ್ದೇನೆ. ಸ್ಟ್ಯಾಂಡ್‌ಬೈಗೆ ಹೋದ ಸ್ಟಿಕ್ ವೈಫೈ ಬಿಟ್ಟುಬಿಡುತ್ತದೆ, ಆಗ ಎಡಿಬಿಗೆ ಉತ್ತರವೇ ಇಲ್ಲ. ಅದಕ್ಕೂ ಒಂದು ಉಪಾಯ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಆದರೆ ಕ್ಯಾಶ್‌ನಿಂದ ಸಿಕ್ಕಿದ್ದು 300, 400 ಎಂಬಿ ಮಾತ್ರ. ದೊಡ್ಡ ಜಾಗ ಸಿಕ್ಕಿದ್ದು ಬೇರೆ ಕಡೆ. ಸ್ಟಿಕ್ ಜೊತೆಗೇ ಬರುವ ಆಪ್‌ಗಳು ಸಿಸ್ಟಮ್‌ಗೆ ಮೀಸಲಾದ ಬೇರೆ ಜಾಗದಲ್ಲಿ (ಸಿಸ್ಟಮ್ ಪಾರ್ಟಿಷನ್) ಕೂತಿರುತ್ತವೆ. ಅವಕ್ಕೆ ಅಪ್‌ಡೇಟ್ ಬಂದರೆ ಹಳೆಯದು ಅಲ್ಲೇ ಉಳಿದು, ಹೊಸದು ನಮ್ಮ ಐದು ಜಿಬಿಗೆ ಬಂದು ಕೂರುತ್ತದೆ. ಒಂದೇ ಆಪ್ ಎರಡು ಕಡೆ. ಯಾರೂ ಮುಟ್ಟದಂಥವುಗಳ ಅಪ್‌ಡೇಟ್ ತೆಗೆದು ಡಿಸೇಬಲ್ ಮಾಡಿದೆ. ಒಂದೊಂದು ರೂಮಿಗೂ ಹತ್ತಿರ ಹತ್ತಿರ 700 ಎಂಬಿ ವಾಪಸ್ ಬಂತು. ಯಾವ ಯಾವ ಆಪ್ ಅಂತ ಪಟ್ಟಿ ಕೊಡಲ್ಲ. ಮೊದಲ ಸಲ ತಪ್ಪು ಹೆಸರು ಹೊಡೆದು ರೂಮ್ 2ರಲ್ಲಿ ಹೋಮ್ ಸ್ಕ್ರೀನೇ ಮಾಯವಾಗಿತ್ತು. ಆ ಪಾಠಕ್ಕೆ ನನ್ನ ಒಂದು ಭಾನುವಾರ ಹೋಗಿದೆ, ಸುಮ್ನೆ ಹೇಗೆ ಕೊಡಲಿ?

ಆಟೋ ಅಪ್‌ಡೇಟನ್ನೂ ಬಂದ್ ಮಾಡಿದೆ. ಎರಡು ತಿಂಗಳಾದ ಮೇಲೆ ಒಂದು ಸಿನಿಮಾ ಆಪ್ "ಅಪ್‌ಡೇಟ್ ಮಾಡದೆ ತೆರೆಯಲ್ಲ" ಅಂತ ಹಟ ಹಿಡಿಯಿತು. ಅದಕ್ಕೆ ಈಗ ತಿಂಗಳಿಗೆ ಒಮ್ಮೆ ಜನ ನೋಡುವ ನಾಲ್ಕೈದು ಆಪ್ ಮಾತ್ರ ಕೈಯಿಂದ ಅಪ್‌ಡೇಟ್ ಮಾಡುತ್ತೇನೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಚೆಕ್‌ಔಟ್ ಫೈಲ್. ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ಮೇಲೆ ರೂಮ್ ನಂಬರಿನ 14 ಫೈಲ್ ಇವೆ. ಗಿರಾಕಿ ಕೀಲಿ ಕೊಟ್ಟ ಕೂಡಲೇ ರಿಸೆಪ್ಷನ್ ಹುಡುಗ ಅದರ ಮೇಲೆ ಎರಡು ಸಲ ಒತ್ತುತ್ತಾನೆ. ನನ್ನ ಪಟ್ಟಿಯಲ್ಲಿ ಇಲ್ಲದ ಆಪ್ ಎಲ್ಲ ಕಿತ್ತುಹೋಗುತ್ತವೆ. ಪಟ್ಟಿಯಲ್ಲಿ ಇರುವವುಗಳ ಡೇಟಾ ಅಳಿದು ಲಾಗಿನ್ ಹೋಗುತ್ತದೆ. ಇದು ಬರೀ ಜಾಗದ ಮಾತಲ್ಲ. ಹಿಂದೆ ಒಬ್ಬರು ಊರಿಗೆ ಹೋಗಿ ಫೋನ್ ಮಾಡಿ, "ನನ್ನ ಅಕೌಂಟಿನಾಗ ಯಾರೋ ರಾತ್ರಿಯಿಡೀ ಸಿನಿಮಾ ನೋಡ್ಲಕತ್ತಾರ್ರೀ" ಅಂತ ಮಾಲಕರ ಮೇಲೆ ಹಾರಾಡಿದ್ದರು. ಈಗ ಅಂಥ ಫೋನ್ ಇಲ್ಲ.

ಹೋದ ಭಾನುವಾರ ನೋಡಿದಾಗ ಎಲ್ಲಕ್ಕಿಂತ ಕಡಿಮೆ ಇದ್ದದ್ದು ರೂಮ್ 11, 1.1 ಜಿಬಿ ಖಾಲಿ. ಉಳಿದವು ಒಂದೂವರೆ ಹತ್ತಿರ. ಎಂಟು ತಿಂಗಳಿಂದ ಸ್ಟೋರೇಜ್ ಫುಲ್ ಅನ್ನುವ ಮಾತೇ ಬಂದಿಲ್ಲ. ಮಾಲಕರಿಂದ ಒಮ್ಮೆಗೆ 9,000 ತಗೊಂಡೆ, ತಿಂಗಳಿಗೆ 700 ಬೇರೆ. ಪೆನ್‌ಡ್ರೈವಿನ ನಷ್ಟ ಕಳೆದರೂ ಕೈಗೆ ಹತ್ತಿದೆ.

ಮೊನ್ನೆ ಕಾಕಾ ತಮ್ಮ ಅಂಗಡಿ ಹುಡುಗನ ಕೈಯಲ್ಲಿ ಒಂದು ಸ್ಟಿಕ್ ಕಳಿಸಿದ್ದರು, ಪೇಪರಿನಲ್ಲಿ ಸುತ್ತಿ. ಅವರ ಮನೆಯದಂತೆ. 110 ಎಂಬಿ ಖಾಲಿ ಇದೆ. ಸರಿ ಮಾಡಲು 300 ರೂಪಾಯಿ ಆಗುತ್ತದೆ ಅಂದೆ. "ನನಗೂ ಮುನ್ನೂರೇನೋ?" ಅಂತ ಫೋನ್ ಬಂತು. ಸದ್ಯ 200ಕ್ಕೆ ನಿಂತಿದೆ, ಸ್ಟಿಕ್ ಇನ್ನೂ ನನ್ನ ಡ್ರಾಯರ್‌ನಲ್ಲೇ ಇದೆ.