ಅಮೆರಿಕ ವೀಸಾ ಇಲ್ಲದೆ ವೆಸ್ಟ್ ಇಂಡೀಸ್‌ಗೆ: ನನ್ನ ಅನುಭವ

ಬಾರ್ಬಡೋಸ್ ನಮಗೆ ವೀಸಾ ಕೇಳುವುದಿಲ್ಲ. ಟ್ರಿನಿಡಾಡ್ ಕೂಡ ಕೇಳುವುದಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು ಹೋದರೆ ಎರಡೂ ಕಡೆ 90 ದಿನದವರೆಗೆ ಇರಬಹುದು. ತಿರುಗಾಡುವ ಚಟ ಇರುವವರಿಗೆ ಇದು ಹೊಸ ವಿಷಯವೇನಲ್ಲ. ಆದರೂ ಬೆಂಗಳೂರಿನಿಂದ ಹೋಗುತ್ತೇನೆ ಅಂದಾಗ ನನಗೆ ಎಲ್ಲರೂ ಹೇಳಿದ್ದು ಒಂದೇ ಮಾತು: "ಅಮೆರಿಕ ವೀಸಾ ಇಲ್ಲದೆ ಅಲ್ಲಿಗೆ ಹೋಗೋಕೆ ಆಗಲ್ಲ." ಟ್ರಾವೆಲ್ ಏಜೆಂಟ್ ಹೇಳಿದರು. ಆಫೀಸಿನಲ್ಲಿ ಹೇಳಿದರು. ನ್ಯೂಜೆರ್ಸಿಯಲ್ಲಿರುವ ನನ್ನ ಭಾವ ಫೋನ್ ಮಾಡಿ, ನಕ್ಕು ಹೇಳಿದರು.

2023ರ ಶುರುವಿನಲ್ಲಿ ಹೋಗಿ ಬಂದೆವು. ನಾನು, ಹೆಂಡತಿ, ಮಗ, ಅಪ್ಪ. ನಾಲ್ಕು ಪಾಸ್‌ಪೋರ್ಟಿನಲ್ಲಿ ಒಂದರಲ್ಲೂ ಯಾವ ದೇಶದ ಚಾಲ್ತಿ ವೀಸಾವೂ ಇರಲಿಲ್ಲ.

ವಿಷಯ ಇಷ್ಟೇ. ದ್ವೀಪದ ಬಾಗಿಲು ತೆರೆದೇ ಇದೆ, ಕಷ್ಟ ಇರುವುದು ದಾರಿಯಲ್ಲಿ. ಇಲ್ಲಿಂದ ನೇರ ವಿಮಾನ ಇಲ್ಲ. ಎಲ್ಲೋ ಒಂದು ಕಡೆ ಇಳಿದು ಹತ್ತಬೇಕು. ಆ ನಡುವಿನ ದೇಶ ಏನು ಕೇಳುತ್ತದೆ ಅನ್ನುವುದೇ ಎಲ್ಲ ಲೆಕ್ಕ. ಅಮೆರಿಕದಲ್ಲಂತೂ ಸುಮ್ನೆ ವಿಮಾನ ಬದಲಿಸುವವರೂ ಇಮಿಗ್ರೇಷನ್ ದಾಟಲೇಬೇಕು. ಹಾಗಾಗಿ ವೀಸಾ ಬೇಕೇ ಬೇಕು. 2022ರ ಕೊನೆಯಲ್ಲಿ ಇಲ್ಲಿ ಸಂದರ್ಶನದ ಸ್ಲಾಟಿಗೆ ಐನೂರು ದಿನಕ್ಕೂ ಜಾಸ್ತಿ ಕಾಯಬೇಕಿತ್ತು. ಒಬ್ಬರಿಗೆ ಆಗ 160 ಡಾಲರ್ ಫೀಸು. ನಾಲ್ವರಿಗೆ ಅಂದರೆ ಐವತ್ತು ಸಾವಿರದ ಮೇಲೆ, ಅದೂ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲದೆ. ಅದನ್ನು ಮೊದಲೇ ಕೈಬಿಟ್ಟೆ.

ಆಮೇಲೆ ಲಂಡನ್ ನೋಡಿದೆ. ಬಾರ್ಬಡೋಸ್‌ಗೆ ಲಂಡನ್ನಿನಿಂದ ವಿಮಾನ ಬೇಕಾದಷ್ಟಿವೆ. ಆದರೆ ಭಾರತದವರಿಗೆ ಅಲ್ಲಿ ಟರ್ಮಿನಲ್ ಬಿಟ್ಟು ಹೊರಗೆ ಬಾರದಿದ್ದರೂ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ವೀಸಾ ಇದ್ದವರಿಗೆ ಮಾತ್ರ ವಿನಾಯಿತಿ. ಇನ್ನೊಂದು ತೊಡಕು ಅಂದರೆ, ನಾವು ಇಲ್ಲಿಂದ ಇಳಿಯುವುದು ಹೀಥ್ರೂನಲ್ಲಿ, ಕೆರಿಬಿಯನ್ ವಿಮಾನ ಎಷ್ಟೋ ಸಲ ಹೊರಡುವುದು ಲಂಡನ್ನಿನ ಇನ್ನೊಂದು ಏರ್‌ಪೋರ್ಟ್ ಗ್ಯಾಟ್‌ವಿಕ್‌ನಿಂದ. ಆಗ ಊರೊಳಗೆ ಬಂದು ಹೋಗುವ ಬೇರೆ ಥರದ ಟ್ರಾನ್ಸಿಟ್ ವೀಸಾ ಬೇಕು. ಬಸ್ಸು, ಬ್ಯಾಗು, ಅಪ್ಪನ ಮಂಡಿನೋವು. ಬೇಡ ಅಂತ ಬಿಟ್ಟೆ.

ದುಡ್ಡು ಹೋಗಿದ್ದು ಮೂರನೇ ಪ್ರಯತ್ನದಲ್ಲಿ. ಯೂರೋಪಿನ ಇನ್ನೊಂದು ದೇಶದ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾಕ್ಕೆ ಏಜೆಂಟ್ ಮೂಲಕವೇ ಅರ್ಜಿ ಹಾಕಿದ್ದೆವು. ದೇಶದ ಹೆಸರು, ಏಜೆಂಟ್ ಹೆಸರು ಇಲ್ಲಿ ಬೇಡ. ಮೂರು ಪಾಸ್‌ಪೋರ್ಟ್ ಬಂದವು, ಅಪ್ಪನದು ಮಾತ್ರ ತಡವಾಯಿತು. ಬಂದಾಗ ಟಿಕೆಟ್ ದಿನಾಂಕ ದಾಟಿತ್ತು. ಕ್ಯಾನ್ಸಲ್ ಮಾಡಿದ್ದಕ್ಕೆ ಕಡಿತ, ಫೀಸು, ಸರ್ವೀಸ್ ಚಾರ್ಜು ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ನೀರಿಗೆ ಬಿತ್ತು. ಏಜೆಂಟ್ ಮಾತ್ರ ತಣ್ಣಗೆ, "ನಾನು ಮೊದಲೇ ಹೇಳಿರಲಿಲ್ವಾ ಸರ್, ಅಮೆರಿಕ ವೀಸಾ ಮಾಡಿಸಿ ಅಂತ" ಅಂದರು. ಹೆಂಡತಿ ಅಂಡಮಾನ್‌ಗೆ ಹೋಗೋಣ ಅಂದಳು. ಅಪ್ಪ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಈ ಪ್ರಯಾಣ ಇದ್ದಿದ್ದೇ ಅಪ್ಪನಿಗಾಗಿ. ಅವರು ಭದ್ರಾವತಿಯವರು, ಜಿ.ಆರ್. ವಿಶ್ವನಾಥ್ ಹುಟ್ಟಿದ ಊರಿನವರು. 1976ರಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ಟೆಸ್ಟ್‌ನಲ್ಲಿ ನಮ್ಮವರು 403 ರನ್ ಬೆನ್ನಟ್ಟಿ ಗೆದ್ದರಲ್ಲ, ಆಗ ಅಪ್ಪನಿಗೆ ಹದಿನಾರು. ಗವಾಸ್ಕರ್ 102, ವಿಶ್ವನಾಥ್ 112, ಕೊನೆಗೆ ನಮ್ಮ ಬ್ರಿಜೇಶ್ ಪಟೇಲ್ ಔಟಾಗದೆ 49. ಮನೆಯಲ್ಲಿ ಯಾವ ಮ್ಯಾಚ್ ನಡೆಯುತ್ತಿದ್ದರೂ ಈ ಲೆಕ್ಕ ಒಂದು ಸಲ ಬಂದೇ ಬರುತ್ತದೆ. ಆ ಮೈದಾನ ನೋಡಬೇಕು ಅನ್ನುವುದು ಅವರ ಆಸೆ.

ಇನ್ನು ಏಜೆಂಟ್ ಸಹವಾಸ ಬೇಡ ಅಂತ ನಾನೇ ಕೂತೆ. ಷೆಂಗೆನ್ ಅಂದರೆ ಒಂದರಿಂದ ಒಂದಕ್ಕೆ ಗಡಿ ತಪಾಸಣೆ ಇಲ್ಲದೆ ಹೋಗಬಹುದಾದ ಯೂರೋಪಿನ ದೇಶಗಳ ಗುಂಪು, ಅಲ್ಲಿ ಏರ್‌ಪೋರ್ಟ್ ಟ್ರಾನ್ಸಿಟ್ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಆಗ ಜರ್ಮನಿ, ಫ್ರಾನ್ಸ್ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಕೇಳುತ್ತಿದ್ದವು. ನೆದರ್ಲೆಂಡ್ಸ್ ಕೇಳುತ್ತಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಸ್ಕಿಫೋಲ್‌ನಲ್ಲಿ ಇಳಿದು, ಹೊರಗೆ ಬಾರದೆ, ಅಲ್ಲಿಂದಲೇ ಷೆಂಗೆನ್ ಆಚೆಯ ದೇಶಕ್ಕೆ ಹೋಗುವುದಾದರೆ ಬರೀ ಪಾಸ್‌ಪೋರ್ಟ್ ಸಾಕು. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ಡಚ್ ಕಂಪನಿ ಕೆಎಲ್‌ಎಂನ ನೇರ ವಿಮಾನ ಇದೆ. ನಾವು ಹೋದ ಚಳಿಗಾಲದಲ್ಲಿ ಅದೇ ಕಂಪನಿಯ ವಿಮಾನ ಆಮ್‌ಸ್ಟರ್‌ಡ್ಯಾಮಿನಿಂದ ಬಾರ್ಬಡೋಸಿನ ಬ್ರಿಜ್‌ಟೌನ್‌ಗೂ ಹೋಗುತ್ತಿತ್ತು. ದಾರಿ ಸಿಕ್ಕಿಬಿಟ್ಟಿತು.

ಎಚ್ಚರ ಇರಬೇಕಾದ್ದು ಇನ್ನು ಮುಂದೆ. ಹೋಗುವ ಟಿಕೆಟ್ ಎಲ್ಲ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಬೇರೆ ಬೇರೆ ಟಿಕೆಟ್ ಮಾಡಿದರೆ ನಡುವೆ ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಬರಬೇಕಾಗುತ್ತದೆ. ಹೊರಗೆ ಬಂದರೆ ಷೆಂಗೆನ್ ವೀಸಾ ಬೇಕು. ಇನ್ನೊಂದು, ಯೂರೋಪಿನಲ್ಲಿ ಎರಡು ಕಡೆ ಇಳಿಯುವ ಟಿಕೆಟ್ ಮುಟ್ಟಲೇಬೇಡಿ. ಬೆಂಗಳೂರು–ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್–ಬ್ರಿಜ್‌ಟೌನ್ ಅಂತ ಒಂದು ಟಿಕೆಟ್ ಹದಿನೈದು ಸಾವಿರ ಕಡಿಮೆಗೆ ಕಣ್ಣು ಹೊಡೆಯುತ್ತಿತ್ತು. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್ ಅಂದರೆ ಷೆಂಗೆನ್ ಒಳಗಿನ ಪ್ರಯಾಣ. ಹುಬ್ಬಳ್ಳಿಯಲ್ಲಿ ಹತ್ತಿ ಬೆಂಗಳೂರಿನಲ್ಲಿ ಇಳಿದ ಹಾಗೆ. ಪ್ಯಾರಿಸ್‌ನಲ್ಲೇ ಇಮಿಗ್ರೇಷನ್ ದಾಟಬೇಕು, ಅದಕ್ಕೆ ಪೂರ್ತಿ ವೀಸಾ ಬೇಕು. ಟಿಕೆಟ್ ಮಾರುವ ಆ್ಯಪ್ ಇದನ್ನು ಹೇಳುವುದಿಲ್ಲ. ದುಡ್ಡು ತೆಗೆದುಕೊಂಡು ಸುಮ್ಮನಿರುತ್ತದೆ.

ಟಿಕೆಟ್ ತಲೆಗೆ ಒಂದು ಲಕ್ಷ ಹತ್ತು ಸಾವಿರದ ಆಸುಪಾಸು ಬಿತ್ತು, ಹೋಗಿ ಬರಲು. ಅದೇ ದಿನಗಳಿಗೆ ಏಜೆಂಟ್ ಹೇಳಿದ್ದು ಒಂದೂವರೆ ಲಕ್ಷದ ಮೇಲೆ. ಪ್ಯಾಕೇಜ್ ಆದರೆ ಅದರ ಮೇಲೆ ಆಗ ಇನ್ನೂ 5% ಟಿಸಿಎಸ್, ಅಂದರೆ ಮಾರುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ. ಅಷ್ಟು ಕಡಿಮೆಗೆ ಹೇಗೆ ಸಿಕ್ಕಿತು ಅಂತ ತುಂಬಾ ಜನ ಕೇಳಿದ್ದಾರೆ. ಅದೊಂದು ನನ್ನ ಹತ್ತಿರವೇ ಇರಲಿ. ವಾರದ ಯಾವ ದಿನ ಹೊರಡುತ್ತೀರಿ ಅನ್ನುವುದರ ಮೇಲೆ ಇದೆ ಅಂತ ಮಾತ್ರ ಹೇಳುತ್ತೇನೆ.

ಪಾಸ್‌ಪೋರ್ಟ್ ವಿಷಯಕ್ಕೆ ಬರೋಣ. ಆರು ತಿಂಗಳ ಅವಧಿ ಉಳಿದಿರಲಿ ಅನ್ನುವುದು ಹಳೇ ಮಾತು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಮರೆತುಹೋಗುತ್ತದೆ. ಮಗನದು ಮುಗಿಯುತ್ತಾ ಬಂದಿತ್ತು. ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರದಲ್ಲಿ ತತ್ಕಾಲ್‌ನಲ್ಲಿ ಮಾಡಿಸಿದೆ. ಫೀಸು ಸಾವಿರ, ತತ್ಕಾಲ್‌ಗೆ ಮೇಲೆ ಎರಡು ಸಾವಿರ. ಇದನ್ನು ಹಳದಿ ಜ್ವರದ ಲಸಿಕೆಗಿಂತ ಮೊದಲೇ ಮುಗಿಸಿದೆ. ಯಾಕೆ ಅಂದರೆ ಲಸಿಕೆಯ ಹಳದಿ ಪುಸ್ತಕದಲ್ಲಿ ಪಾಸ್‌ಪೋರ್ಟ್ ನಂಬರ್ ಬರೆಯುತ್ತಾರೆ. ಲಸಿಕೆ ಮೊದಲಾಗಿ ಪಾಸ್‌ಪೋರ್ಟ್ ಆಮೇಲೆ ಆದರೆ ಎರಡರ ನಂಬರ್ ಬೇರೆ ಬೇರೆ. ನನ್ನ ಸ್ನೇಹಿತರೊಬ್ಬರು ಕೀನ್ಯಾದಿಂದ ವಾಪಸ್ ಬರುವಾಗ ಇದೇ ಕಾರಣಕ್ಕೆ ಏರ್‌ಪೋರ್ಟ್‌ನಲ್ಲಿ ಕೂತು ಹಳೇ ಪಾಸ್‌ಪೋರ್ಟಿನ ಫೋಟೋ ತರಿಸಿಕೊಂಡಿದ್ದರು.

ಹಳದಿ ಜ್ವರ ಎಲ್ಲಿಂದ ಬಂತು ಅಂತೀರಾ? ಇದೇ ಅನೇಕರು ಎಡವುವ ಜಾಗ. ಬೆಂಗಳೂರಿನಿಂದ ಹೋಗುವವರನ್ನು ಬಾರ್ಬಡೋಸ್ ಲಸಿಕೆ ಕೇಳುವುದಿಲ್ಲ. ಕೇಳುವುದು ನಮ್ಮದೇ ಸರ್ಕಾರ, ವಾಪಸ್ ಬರುವಾಗ. ಹಳದಿ ಜ್ವರ ಇರುವ ದೇಶಗಳು ಅಂತ ಭಾರತದ ಒಂದು ಪಟ್ಟಿ ಇದೆ. ಅದರಲ್ಲಿ ಟ್ರಿನಿಡಾಡ್ ಇದೆ, ಬಾರ್ಬಡೋಸ್ ಇಲ್ಲ. ಅಂಥ ದೇಶ ಬಿಟ್ಟು ಆರು ದಿನದೊಳಗೆ ಸರ್ಟಿಫಿಕೇಟ್ ಇಲ್ಲದೆ ಇಲ್ಲಿ ಇಳಿದರೆ, ಆ ಆರು ದಿನ ತುಂಬುವವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಪನಾಮಾ ಕೂಡ ಅದೇ ಪಟ್ಟಿಯಲ್ಲಿದೆ. ಪನಾಮಾ ಮೇಲಿಂದ ಹೋಗುವ ದಾರಿಯನ್ನೂ ಒಂದು ವಾರ ಕೂತು ಅಳೆದು ಸುರಿದು ನೋಡಿದ್ದೆ. ತಲೆಬಿಸಿ ಜಾಸ್ತಿ, ಉಳಿತಾಯ ಏನೂ ಇಲ್ಲ.

ಲಸಿಕೆ ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಸರ್ಕಾರ ಅನುಮತಿ ಕೊಟ್ಟ ಕೇಂದ್ರದಲ್ಲೇ ಆಗಬೇಕು, ಇಲ್ಲವಾದರೆ ಸರ್ಟಿಫಿಕೇಟ್‌ಗೆ ಬೆಲೆ ಇಲ್ಲ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಡೋಸ್ ಇರುತ್ತದೆ. ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ವಾರದಲ್ಲಿ ಗೊತ್ತಾದ ದಿನ ಮಾತ್ರ ಕೊಡುತ್ತಾರೆ, ಜನ ಸೇರುವವರೆಗೆ ಕಾಯಿಸುತ್ತಾರೆ. ನಮ್ಮ ಜೊತೆ ಆಫ್ರಿಕಾಕ್ಕೆ ಕೆಲಸಕ್ಕೆ ಹೊರಟ ಹುಡುಗರೇ ಜಾಸ್ತಿ ಇದ್ದರು. ತಲೆಗೆ ಮುನ್ನೂರು ರೂಪಾಯಿ ಕೊಟ್ಟ ನೆನಪು. ಅಪ್ಪನಿಗೆ ಅರವತ್ತು ದಾಟಿದ್ದರಿಂದ ನಮ್ಮ ಡಾಕ್ಟರ ಹತ್ತಿರ ಫಿಟ್‌ನೆಸ್ ಪತ್ರ ತರಲು ಹೇಳಿದರು. ಆ ವಯಸ್ಸಿನವರಿಗೆ ಈ ಲಸಿಕೆಯಿಂದ ತೊಂದರೆಯ ಸಾಧ್ಯತೆ ಸ್ವಲ್ಪ ಜಾಸ್ತಿ. ಮೊಟ್ಟೆ ಅಲರ್ಜಿ ಇದೆಯಾ ಅಂತಲೂ ಕೇಳಿದರು. "ಜೀವಮಾನದಲ್ಲಿ ಮೊಟ್ಟೆ ಮುಟ್ಟಿಲ್ಲ ಕಣಮ್ಮ, ಅಲರ್ಜಿ ಇದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು" ಅಂದರು ಅಪ್ಪ. ನರ್ಸ್ ನಕ್ಕುಬಿಟ್ಟರು. ಆಮೇಲೆ ಡಾಕ್ಟರನ್ನು ಕರೆದು ಮಾತಾಡಿಸಿಯೇ ಕೊಟ್ಟಿದ್ದು. ಸರ್ಟಿಫಿಕೇಟ್ ಹತ್ತು ದಿನ ಆದ ಮೇಲೆ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕೊನೇ ಗಳಿಗೆಯಲ್ಲಿ ಓಡಿದರೆ ಪ್ರಯೋಜನ ಇಲ್ಲ.

ಹೊರಡುವ ಹಿಂದಿನ ದಿನ ಬಾರ್ಬಡೋಸ್‌ನ ಆನ್‌ಲೈನ್ ಇಮಿಗ್ರೇಷನ್ ಫಾರ್ಮ್ ತುಂಬಿದೆ. ತಲುಪುವ ಮುಂಚಿನ 72 ಗಂಟೆಯೊಳಗೆ ತುಂಬಬೇಕು. ದುಡ್ಡು ಕೇಳುವುದಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ, ನಡುವೆ ಯಾರೋ ಅಂಗಡಿ ಹಾಕಿದ್ದಾರೆ ಅಂತ ತಿಳಿಯಿರಿ. ಮೇಲ್‌ಗೆ ಬಂದ ಕೋಡ್ ಅನ್ನು ಪ್ರಿಂಟ್ ತೆಗೆದಿಟ್ಟೆ. ಕೋವಿಡ್ ಪರೀಕ್ಷೆಯ ಕಾಟ ಅಷ್ಟು ಹೊತ್ತಿಗೆ ಮುಗಿದಿತ್ತು.

ಬೆಂಗಳೂರಿನ ಕೌಂಟರಿನಲ್ಲಿ ನಿರೀಕ್ಷಿಸಿದ್ದೇ ಆಯಿತು. "ಸರ್, ವೀಸಾ?" ಅಂದಳು ಹುಡುಗಿ. "ಬಾರ್ಬಡೋಸ್‌ಗೆ ಬೇಡಮ್ಮ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊರಗೆ ಬರಲ್ಲ, ಟೈಮ್ಯಾಟಿಕ್‌ನಲ್ಲಿ ನೋಡು" ಅಂದೆ. ಟೈಮ್ಯಾಟಿಕ್ ಅಂದರೆ ವಿಮಾನ ಕಂಪನಿಗಳು ಯಾವ ದೇಶಕ್ಕೆ ಯಾವ ಕಾಗದ ಬೇಕು ಅಂತ ನೋಡುವ ವ್ಯವಸ್ಥೆ. ಆ ಹೆಸರು ನಿಮ್ಮ ಬಾಯಿಂದ ಬಂದರೆ ಅರ್ಧ ಕೆಲಸ ಆದಂತೆ. ಸೂಪರ್‌ವೈಸರ್ ಬಂದು ವಾಪಸ್ ಟಿಕೆಟ್, ಉಳಿಯುವ ಮನೆಯ ಬುಕಿಂಗ್, ಟ್ರಿನಿಡಾಡ್‌ಗೆ ಹೋಗಿ ಬರುವ ಟಿಕೆಟ್ ಮೂರನ್ನೂ ನೋಡಿದರು. ಕಾಲು ಗಂಟೆ ಆಗಿರಬಹುದು. ಬ್ಯಾಗಿಗೆ ಹಚ್ಚಿದ ಚೀಟಿಯಲ್ಲಿ ಕೊನೆಯ ಊರು ಬಿಜಿಐ ಅಂತ ಇದೆಯಾ ಅಂತ ನಾಲ್ಕನ್ನೂ ಬಗ್ಗಿ ಓದಿದೆ. ಅದು ಬ್ರಿಜ್‌ಟೌನ್‌ನ ಕೋಡ್. ಆಮ್‌ಸ್ಟರ್‌ಡ್ಯಾಮಿನ ಕೋಡ್ ಎಎಂಎಸ್ ಅಂತ ಇದ್ದರೆ ಅಲ್ಲೇ ನಿಲ್ಲಿಸಿ ಕೇಳಬೇಕು.

ಇದಕ್ಕೂ ಮೊದಲು ಮನೆಯಲ್ಲಿ ಒಂದು ಗಲಾಟೆ. ಮಗನ ಇಷ್ಟದ ಮಿಲಿಟರಿ ಬಣ್ಣದ ಚಡ್ಡಿಯನ್ನು ಬ್ಯಾಗಿನಿಂದ ತೆಗೆಸಿದೆ. ಬಾರ್ಬಡೋಸ್, ಟ್ರಿನಿಡಾಡ್ ಎರಡರಲ್ಲೂ ಆ ಬಣ್ಣದ ಬಟ್ಟೆ ಸೇನೆಗೆ ಮಾತ್ರ. ಸಾಮಾನ್ಯ ಜನ ಹಾಕಿದರೆ ಅಪರಾಧ, ಮಕ್ಕಳಿಗೂ ರಿಯಾಯಿತಿ ಇಲ್ಲ. ಅವನು ಏರ್‌ಪೋರ್ಟ್‌ವರೆಗೂ ಮುಖ ಊದಿಸಿಕೊಂಡಿದ್ದ.

ಬ್ರಿಜ್‌ಟೌನ್‌ನ ಗ್ರ್ಯಾಂಟ್ಲಿ ಆ್ಯಡಮ್ಸ್ ಏರ್‌ಪೋರ್ಟ್‌ನಲ್ಲಿ ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ವಾಪಸ್ ಯಾವಾಗ ಅಂತ ಕೇಳಿದರು. ಉಳಿಯುವ ಮನೆಯ ಪೂರ್ತಿ ವಿಳಾಸ, ಯಜಮಾನರ ಫೋನ್ ನಂಬರ್ ಕೈಯಲ್ಲೇ ಇರಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ಒಯ್ದಿದ್ದೆ, ಯಾರೂ ನೋಡಲಿಲ್ಲ. ಅಲ್ಲಿನ ಎರಡು ಡಾಲರ್‌ಗೆ ಅಮೆರಿಕದ ಒಂದು ಡಾಲರ್. ಹಾಗಾಗಿ ಲೆಕ್ಕ ಸುಲಭ, ಖರ್ಚು ಮಾತ್ರ ಸುಲಭ ಅಲ್ಲ. ನಮ್ಮ ಬೆಲೆ ನೋಡಿದ ಕಣ್ಣಿಗೆ ತರಕಾರಿ ಅಂಗಡಿಯೂ ಚಿನ್ನದ ಅಂಗಡಿಯ ಹಾಗೆ ಕಂಡಿತು. ಅಡುಗೆಮನೆ ಇರುವ ಮನೆ ಹಿಡಿದಿದ್ದರಿಂದ ಬಚಾವ್.

ಟ್ರಿನಿಡಾಡ್‌ಗೆ ಅಲ್ಲಿಂದ ಒಂದು ಗಂಟೆಯ ವಿಮಾನ. ಬೇರೆ ಟಿಕೆಟ್, ತಲೆಗೆ ಇಪ್ಪತ್ತು ಸಾವಿರದ ಮೇಲೆ. ಕಾರ್ನಿವಲ್ ದಿನಗಳನ್ನು ಬೇಕಂತಲೇ ತಪ್ಪಿಸಿದ್ದೆ, ಆಗ ಕೋಣೆಯ ಬಾಡಿಗೆ ಕೇಳುವ ಹಾಗಿಲ್ಲ. ಪಿಯಾರ್ಕೊ ಏರ್‌ಪೋರ್ಟ್‌ನಲ್ಲಿ ಕಾಗದದ ಚೀಟಿ ತುಂಬಿಸಿದರು. ಕೌಂಟರಿನಲ್ಲಿದ್ದ ಹೆಂಗಸು ನಮ್ಮ ಹಾಗೇ ಕಂಡರು. ಬಿಹಾರವಾ ಅಂತ ಕೇಳಿದರು. 1845ರಿಂದ ಕಬ್ಬಿನ ತೋಟಗಳಿಗೆ ಬಂದವರಲ್ಲಿ ಹೆಚ್ಚಿನವರು ಆ ಕಡೆಯವರೇ ಅಲ್ವಾ. ಬೆಂಗಳೂರು ಅಂದಾಗ ಗೊತ್ತಾಯಿತು. ಅಪ್ಪ ನೋಡಬೇಕೆಂದಿದ್ದ ಆ ಮೈದಾನ, ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಮ್ಯಾಚ್ ಇರಲಿಲ್ಲ. ಆದರೂ ಗೇಟಿನವರ ಹತ್ತಿರ ಅಪ್ಪ 112ರ ಕಥೆ ಶುರು ಮಾಡಿದರು, ಒಳಗೆ ಬಿಟ್ಟರು. ಹೊರಗೆ ಬಂದು ಬೀದಿ ಬದಿಯಲ್ಲಿ ಡಬಲ್ಸ್ ತಿಂದೆವು. ಬಟೂರೆಯ ಪುಟ್ಟ ತಮ್ಮನ ಮೇಲೆ ಕಡಲೆ ಸಾರು ಸುರಿದು ಕೊಡುತ್ತಾರೆ. ಸಸ್ಯಾಹಾರಿಗಳಿಗೆ ವರ.

ಬೆಂಗಳೂರಿನಲ್ಲಿ ಇಳಿದಾಗ ಆರೋಗ್ಯ ಇಲಾಖೆಯ ಮೇಜಿನ ಮುಂದೆ ನಾವಾಗಿಯೇ ಹೋಗಿ ನಾಲ್ಕು ಹಳದಿ ಪುಸ್ತಕ ಇಟ್ಟೆ. ನಂಬರ್ ತಾಳೆ ನೋಡಿ ಎರಡೇ ನಿಮಿಷದಲ್ಲಿ ಬಿಟ್ಟರು. ಎಲ್ಲ ಸೇರಿ ನಾಲ್ವರಿಗೆ ಎಂಟು ಲಕ್ಷದ ಸುತ್ತ ಆಯಿತು, ನೀರಿಗೆ ಬಿದ್ದ ಎಪ್ಪತ್ತು ಸಾವಿರ ಬಿಟ್ಟು.

ಇದೇ ದಾರಿಯಲ್ಲಿ ಅಕ್ಕಪಕ್ಕದ ದ್ವೀಪಕ್ಕೆ ಹೋಗಬಹುದಾ ಅಂತ ಕೇಳುವವರಿಗೆ: ಜಮೈಕಾ, ಗ್ರೆನೇಡಾ, ಡೊಮಿನಿಕಾ ನಮಗೆ ವೀಸಾ ಕೇಳುವುದಿಲ್ಲ. ಡೊಮಿನಿಕಾ ಬೇರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ, ಟಿಕೆಟ್ ಮಾಡುವಾಗ ಎರಡು ಸಲ ಓದಿ. ಅರೂಬಾ, ಕುರಸಾವ್ ಡಚ್ಚರವು, ಮಾರ್ಟಿನಿಕ್ ಫ್ರಾನ್ಸಿನದು, ಆದರೆ ಒಂದೂ ಷೆಂಗೆನ್ ಒಳಗಿಲ್ಲ. ಅವುಗಳ ನಿಯಮವೇ ಬೇರೆ. ಆಮ್‌ಸ್ಟರ್‌ಡ್ಯಾಮ್–ಬ್ರಿಜ್‌ಟೌನ್ ವಿಮಾನ ವರ್ಷಪೂರ್ತಿ ಇರುವಂಥದ್ದಲ್ಲ, ಕಂಪನಿಯ ಚಳಿಗಾಲದ ಪಟ್ಟಿ ಬಂದ ಮೇಲೆ ರಜೆ ಹಾಕಿ. ವಾಪಸ್ ಬರುವಾಗ ಸ್ಕಿಫೋಲ್‌ನಲ್ಲಿ ನಾಲ್ಕು ಗಂಟೆಯಾದರೂ ಅಂತರ ಇಟ್ಟುಕೊಳ್ಳಿ. ತಪ್ಪಿದರೆ ವೀಸಾ ಇಲ್ಲದವರು ಊರಿನ ಹೋಟೆಲಿಗೆ ಹೋಗುವಂತಿಲ್ಲ. ಟರ್ಮಿನಲ್ ಒಳಗೇ ಮಲಗುವ ಕೋಣೆಗಳಿವೆ, ಗಂಟೆ ಲೆಕ್ಕದಲ್ಲಿ ದುಬಾರಿ.