ಶುಗರ್ ಗ್ಲೈಡರ್‌ಗೆ ಬರೀ ಬಾಳೆಹಣ್ಣು ಸಾಲದು

ಮನೆಗೆ ಶುಗರ್ ಗ್ಲೈಡರ್ ತಂದಿದ್ದೀರಾ? ಹಾಗಾದರೆ ಬಾಳೆಗೊನೆ ಸ್ವಲ್ಪ ದೂರ ಇಡಿ. ನೋಡೋಕೆ ನಮ್ಮ ಮಲೆನಾಡಿನ ಹಾರುಬೆಕ್ಕಿನ ಮರಿಯಂತಿದ್ದರೂ (ಹಾರುಬೆಕ್ಕಿಗೆ ಕಾನೂನಿನ ರಕ್ಷಣೆ ಇದೆ, ಅದನ್ನು ಸಾಕುವ ಹಾಗಿಲ್ಲ) ಇದು ಅದರ ಹಾಗೆ ಅಳಿಲಿನ ಜಾತಿಯಲ್ಲ, ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಹೊಟ್ಟೆಚೀಲದ ಪ್ರಾಣಿ. ಅಲ್ಲಿ ಜಾಲಿ ಮರದ ಅಂಟು, ನೀಲಗಿರಿ ಮರದ ಸೋನೆ, ಮಕರಂದ, ಹುಳಹುಪ್ಪಟೆ ತಿಂದು ಬದುಕುತ್ತದೆ.

ಆ ಸೋನೆಗೆ ಬದಲಿಯಾಗಿ ಲೆಡ್‌ಬೀಟರ್ ಮಿಶ್ರಣ ಅಂತ ಒಂದಿದೆ. 150 ಮಿ.ಲೀ. ಬೆಚ್ಚಗಿನ ನೀರಿಗೆ ಅಷ್ಟೇ ಜೇನುತುಪ್ಪ ಹಾಕಿ ಕರಗಿಸಿ. ಒಂದು ಮೊಟ್ಟೆ ಬೇಯಿಸಿ, ಸಿಪ್ಪೆ ತೆಗೆದು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಜೇನುನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಆಮೇಲೆ ಒಂದು ಟೀ ಚಮಚ ವಿಟಮಿನ್ ಪುಡಿ, 25 ಗ್ರಾಂ ಪ್ರೋಟೀನ್ ಜಾಸ್ತಿ ಇರುವ ಮಕ್ಕಳ ಸೀರಿಯಲ್ ಹಾಕಿ, ಗಂಟಿಲ್ಲದ ಹಾಗೆ ತಿರುವಿ. ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟರೆ ದಿನಕ್ಕೆ ಬೇಕಾದಷ್ಟೇ ತೆಗೆಯಬಹುದು.

ತಟ್ಟೆಯಲ್ಲಿ ಇದು ಅರ್ಧ, ಹುಳ ತಿನ್ನುವ ಪ್ರಾಣಿಗಳಿಗೆಂದೇ ಬರುವ ಆಹಾರ ಇನ್ನರ್ಧ. 100 ಗ್ರಾಂ ತೂಗುವ ಗ್ಲೈಡರ್‌ಗೆ ದಿನಕ್ಕೆ ಎಲ್ಲ ಸೇರಿ 15ರಿಂದ 20 ಗ್ರಾಂ ಸಾಕು. ಹಣ್ಣು, ತರಕಾರಿ ಬಾಯಿರುಚಿಗೆ ಅಷ್ಟೇ, ಅದೂ ಸಣ್ಣಗೆ ಹೆಚ್ಚಿ ಕಲಸಿ. ಇಲ್ಲದಿದ್ದರೆ ಸಿಹಿಯಾದದ್ದನ್ನೇ ಹೆಕ್ಕಿ, ಕಬ್ಬು ಜಗಿದ ಹಾಗೆ ರಸ ಹೀರಿ ಚರಟ ಉಗಿದು ಹೋಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಿರುವುದು ಕ್ಯಾಲ್ಸಿಯಂಗೆ. ರಂಜಕದ (ಫಾಸ್ಫರಸ್) ಎರಡರಷ್ಟು ಕ್ಯಾಲ್ಸಿಯಂ ಸಿಗಬೇಕು. ಪಪ್ಪಾಯಿ, ಕಿತ್ತಳೆ, ಅಂಜೂರದಲ್ಲಿ ಲೆಕ್ಕ ಸರಿಯಿದೆ, ಬಾಳೆಹಣ್ಣು, ಮೀಲ್‌ವರ್ಮ್ ಹುಳಗಳಲ್ಲಿ ಪೂರ್ತಿ ಉಲ್ಟಾ. ಬರೀ ಇವನ್ನೇ ಹಾಕುತ್ತಾ ಹೋದರೆ ಮೂಳೆ ಸವೆದು ಹಿಂಗಾಲಿನ ಶಕ್ತಿಯೇ ಹೋಗುತ್ತದೆ. ಹಾಗಾಗಿ ಹುಳ ಕೊಡುವಾಗ ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿಯೇ ಕೊಡಿ.

ಹುಳವನ್ನು ಅಂಗಡಿಯಿಂದಲೇ ತನ್ನಿ. ತೋಟದಲ್ಲಿ ಸುಮ್ನೆ ಸಿಗುತ್ತವಲ್ಲ ಅಂತ ಹಿಡಿದು ಹಾಕಬೇಡಿ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಂತ ಅಡಿಕೆಗೆ ಬೋರ್ಡೋ ಹೊಡೆದಿರುತ್ತೇವೆ, ಅದರಲ್ಲಿ ಮೈಲುತುತ್ತ ಇರುತ್ತದೆ ಅಲ್ವಾ? ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ಹಾತೆಯೂ ಬೇಡ, ಎಲ್ಲಿಂದ ಬಂದಿದೆಯೋ ಏನೋ. ಚಾಕೊಲೇಟ್, ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು ಹತ್ತಿರಕ್ಕೂ ತರಬೇಡಿ.

ಇದು ರಾತ್ರಿ ಓಡಾಡುವ ಪ್ರಾಣಿ, ಊಟ ಕತ್ತಲಾದ ಮೇಲೆ ಇಡಿ. ಬೆಳಗ್ಗೆ ಎದ್ದ ತಕ್ಷಣ ಉಳಿದದ್ದನ್ನು ತೆಗೆದು ತಟ್ಟೆ ತೊಳೆಯಿರಿ, ನಮ್ಮ ಆಷಾಢದ ತೇವಕ್ಕೆ ಜೇನುನೀರು, ಮೊಟ್ಟೆಯ ಮಿಶ್ರಣ ಬೇಗ ಹಳಸುತ್ತದೆ. ನೀರು ಯಾವಾಗಲೂ ಇರಲಿ. ಹಿಂಗಾಲು ಎಳೆಯುತ್ತಿದ್ದರೆ, ಹತ್ತಲು ತಡಕಾಡುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಪಶುವೈದ್ಯರಿಗೆ ತೋರಿಸಿ.